ಎರಡು ಗೇಣು ಮೇಲೆ

ಗುಂಡಿಯಲ್ಲಿ ಕೂತವಳಿಗೆ ಗುಂಡು ಕಾಣುವುದಿಲ್ಲ.
ಮೊದಲು ನೆತ್ತಿಯ ಮೇಲೆ ಚಟ್ಟೆಂದು ಗಾಳಿ ಸೀಳುತ್ತದೆ,
ಆಮೇಲೆ, ಒಂದು ಉಸಿರು ಕಳೆದು,
ಒಂಬೈನೂರು ಮೀಟರು ಆಚೆ
ಯಾರೋ ಕಂಬಳಿ ಕೊಡವಿದ ಹಾಗೆ ಬಂದೂಕಿನ ಸದ್ದು.
ಏಟು ಮೊದಲು, ಸುದ್ದಿ ಆಮೇಲೆ.
(ನನ್ನ ಮದುವೆಯೂ ಹಾಗೇ ಮುರಿದಿತ್ತು. ಇರಲಿ.)

ಹಗ್ಗ ಎಳೆದು ಗುರಿಹಲಗೆ ಇಳಿಸುತ್ತೇನೆ.
ತೂತು ಕಪ್ಪಿನಲ್ಲಿಲ್ಲ.
ಮೇಲೆ, ಬಿಳಿಯಲ್ಲಿ, ಸರಿಯಾಗಿ ಎರಡು ಗೇಣು ಮೇಲೆ.
ಎರಡನೆಯದೂ ಅಲ್ಲೇ.
ಮೂರನೆಯದು ಅದರ ಕಿವಿ ಹಿಡಿದುಕೊಂಡು ಪಕ್ಕದಲ್ಲೇ.
ತಪ್ಪು ಇಷ್ಟು ಅಚ್ಚುಕಟ್ಟಾಗಿ ಒಂದೇ ಕಡೆ ಕೂತರೆ
ಹುಡುಗಿಯ ಕೈಯನ್ನು ದೂರುವಂತಿಲ್ಲ,
ಲೆಕ್ಕವನ್ನು ಕೇಳಬೇಕು.

ರೇಡಿಯೋದಲ್ಲಿ ತುಯಿ:
“ಅತ್ತೆ, ಫೋನು ಹೇಳಿದಷ್ಟೇ ತಿರುಗಿಸಿದ್ದೇನೆ.
ಗುಂಡಿನ ತೂಕ ಹಾಕಿದೆ, ವೇಗ ಹಾಕಿದೆ,
ನಳಿಗೆಯಿಂದ ದುರ್ಬೀನಿನ ಎತ್ತರ ಹಾಕಿದೆ,
ಅಕ್ಷಾಂಶ ಕೂಡ. ಮೈನಸ್ ನಲವತ್ತನಾಲ್ಕು.”
ಹೌದು, ಭೂಮಿ ತಿರುಗುವುದೂ ಅದಕ್ಕೆ ಬೇಕು;
ಗುಂಡು ಹಾರುವ ಒಂದೂವರೆ ಸೆಕೆಂಡಿನಲ್ಲಿ
ಗುರಿ ಕೂತಲ್ಲೇ ಕೂತು ಒಂದಿಷ್ಟು ಪ್ರಯಾಣ ಮಾಡಿರುತ್ತದೆ.
ನಾವು ಕ್ಯಾಂಟರ್‌ಬರಿಯವರು. ಮೈನಸ್ ಮರೆತರೆ
ಯಂತ್ರ ನಮ್ಮನ್ನು ತಲೆಕೆಳಗು ಮಾಡಿ
ಯುರೋಪಿನಲ್ಲಿ ನಿಲ್ಲಿಸಿಬಿಡುತ್ತದೆ.

“ಒತ್ತಡ ಎಷ್ಟು ಹಾಕಿದೆ?”
“ಸಾವಿರದ ಹದಿಮೂರು. ವಿಮಾನ ನಿಲ್ದಾಣದ ವರದಿ.”

ನಗು ಬಂತು. ಪಕ್ಕದ ಹಲಗೆ ಎಳೆಯುವ ಲಾಕ್ಲನ್ ತಿರುಗಿ ನೋಡಿದ.
ಅವನಿಗೆ ಯಂತ್ರ ಆಗದು. ಎಷ್ಟೋ ಕಾಲದಿಂದ ಒಂದೇ ನೋಟುಪುಸ್ತಕ,
ಕುರಿಯ ಕೊಬ್ಬು ಹತ್ತಿದ ಪುಟಗಳು.
ಅದರಲ್ಲೂ ತಪ್ಪಿವೆ, ಅವನ ಜೊತೆಗೇ ವಯಸ್ಸಾದವು;
ಒಗ್ಗಿಹೋಗಿದ್ದಾನೆ.

ಮೂವತ್ತೊಂದು ವರ್ಷ ಹವಾಮಾನ ಕಚೇರಿಯಲ್ಲಿ
ಬೆಳಗಿನ ಆರಕ್ಕೆ ಪಾದರಸದ ಕಂಬ ಓದಿ
ಸಮುದ್ರ ಮಟ್ಟಕ್ಕೆ ತಿದ್ದಿ ಬರೆದವಳು ನಾನೇ.
ಬೆಟ್ಟದ ಊರು, ಕಣಿವೆಯ ಊರು, ಬರೀ ಕುರಿಗಳಿರುವ ಊರು,
ಎಲ್ಲವನ್ನೂ ರಟ್ಟೆ ಹಿಡಿದು
ಕಡಲ ದಂಡೆಗೆ ತಂದು ಸಾಲಾಗಿ ಕೂರಿಸುವ ಕೆಲಸ.
ನಕ್ಷೆಗೆ ಅದು ಬೇಕು.
ಗುಂಡಿಗೆ ಬೇಡ.
ಏಳುನೂರು ಮೀಟರು ಎತ್ತರದ ಈ ಕುರಿಮಾಳದಲ್ಲಿ
ಗಾಳಿ ತೆಳು, ತಡೆ ಕಡಿಮೆ,
ಯಂತ್ರ ಅಂದುಕೊಂಡಷ್ಟು ಅದು ಬೀಳುವುದಿಲ್ಲ.

“ತಿದ್ದಿದ್ದನ್ನು ಅಳಿಸು, ಇದ್ದದ್ದನ್ನು ಹಾಕು.
ಒಂಬೈನೂರ ಮೂವತ್ತೆರಡು.”

ಸ್ವಲ್ಪ ಹೊತ್ತು ರೇಡಿಯೋದಲ್ಲಿ ಉಸಿರು.
ಚಟ್. ಆಮೇಲೆ ಕಂಬಳಿ.
ಇಳಿಸಿದೆ. ಎತ್ತರ ಕರಾರುವಾಕ್ಕು.
ಬಲಕ್ಕೆ ಮಾತ್ರ ಒಂದು ಗೇಣು.

ಇದು ವಾಯವ್ಯದ ಕೆಲಸ.
ಪರ್ವತ ದಾಟಿ ಬಿಸಿಯಾಗಿ ಇಳಿಯುವ ಗಾಳಿ,
ಉಣ್ಣೆ ಕತ್ತರಿಸುವವರನ್ನು ಜಗಳಕ್ಕೆ ಎಬ್ಬಿಸುವ ಗಾಳಿ.
ಯಂತ್ರದಲ್ಲಿ ಅದಕ್ಕೆ ಒಂದೇ ಚೌಕ.
ಇಲ್ಲಿ ಮೂರು ಬಾವುಟ, ಮೂರು ಮಾತು:
ತುಯಿಯ ಹತ್ತಿರದ್ದು ನಿದ್ದೆಯಲ್ಲಿದೆ,
ನಡುವಿನದು ಹಳ್ಳದ ಮೇಲೆ ಬಡಿದಾಡುತ್ತಿದೆ,
ನನ್ನ ಬೆನ್ನ ಹಿಂದಿನದು ಪಾಪ್ಲರ್ ಮರಗಳ ಮರೆಯಲ್ಲಿ
ಉಲ್ಟಾ ತಿರುಗಿ, ನಾನು ಆ ಮನೆತನದವಳೇ ಅಲ್ಲ ಅನ್ನುತ್ತಿದೆ.

“ಯಾವುದನ್ನು ಬರೆಯಲಿ, ಅತ್ತೆ?”

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರ ಪಟ್ಟಿಯಲ್ಲಿ
ನನ್ನ ಹೆಸರೂ ಇದೆ. ಗೊತ್ತಿಲ್ಲ ಎಂದರೆ ಅವಳು ನಂಬಳು;
ಅಷ್ಟು ವರ್ಷ ಗಾಳಿಯ ಸಂಬಳ ತಿಂದವಳು ನಾನು.
“ಹಳ್ಳದ ಹುಲ್ಲು ಎದ್ದು ನಿಲ್ಲುವ ತನಕ ತಡಿ” ಎಂದೆ.
“ಎಷ್ಟು ಹೊತ್ತು?”
“ಅದನ್ನು ಹುಲ್ಲನ್ನೇ ಕೇಳು.”

ಹೆಬ್ಬೆರಳಿಗೆ ಅಂಟು ಬಳಿದು
ಕಾಗದದ ಚೂರು ಹಚ್ಚಿ ನಾಲ್ಕೂ ತೂತು ಮುಚ್ಚಿದೆ.
ಹಲಗೆ ಏರಿಸಿದೆ.
ಲಾಕ್ಲನ್ ತನ್ನ ಥರ್ಮಾಸು ಮುಂದೆ ಮಾಡಿದ, ಚಹಾ ಆರಿತ್ತು.
ನೆತ್ತಿಯ ಮೇಲೆ ಇನ್ನೂ ಸದ್ದಿಲ್ಲ.

ತಡೆಯುತ್ತಿದ್ದಾಳೆ.
ಒಳ್ಳೆಯದು.